ತಿಗಣೆ ಉಪಮೆಯಲ್ಲ

ತಿಗಣೆ ಎಂದ ಕೂಡಲೆ ನಮ್ಮ ಕವಿಗಳಿಗೆ ಜಮೀನ್ದಾರ ನೆನಪಾಗುತ್ತಾನೆ, ಸಾಹುಕಾರ ನೆನಪಾಗುತ್ತಾನೆ, ಬಡ್ಡಿ ಲೆಕ್ಕದ ಪುಸ್ತಕ ನೆನಪಾಗುತ್ತದೆ. ಬಡವರ ರಕ್ತ ಹೀರುವ ತಿಗಣೆಗಳೇ ಎಂದು ನಾವೂ ಬರೆದಿದ್ದೇವೆ. ವೇದಿಕೆ ಹತ್ತಿ ಓದಿದ್ದೇವೆ, ಚಪ್ಪಾಳೆಯೂ ಬಿದ್ದಿದೆ. ಓದಿ ಮುಗಿಸಿ ಬಂದು ಹಾಸ್ಟೆಲಿನ ಮಂಚದ ಮೇಲೆ ಮೈ ಚಾಚಿದಾಗ ನಿಜವಾದ ತಿಗಣೆ ಬಂದು ನಮ್ಮನ್ನೇ ಕಚ್ಚಿದೆ. ಅದು ನಮ್ಮ ಕವನ ಕೇಳಿರಲಿಲ್ಲ.

ಉಪಮೆ ಸಾಕು ಗೆಳೆಯರೇ. ಈ ಸಲ ತಿಗಣೆಯನ್ನು ತಿಗಣೆ ಎಂದೇ ಕರೆದು ಮಾತಾಡೋಣ. ಹುರುಳಿಕಾಳಿನಷ್ಟು ಗಾತ್ರ, ಕೆಂಗಂದು ಬಣ್ಣ, ರೆಕ್ಕೆ ಇಲ್ಲ, ರಾತ್ರಿ ಬರುತ್ತದೆ. ನಾವು ಹಸಿವಿನ ಬಗ್ಗೆ ಬರೆದೆವು, ಜೀತದ ಬಗ್ಗೆ ಬರೆದೆವು, ಬಾವಿ ನೀರಿನ ಬಗ್ಗೆ ಬರೆದೆವು. ತಿಗಣೆ ಬಗ್ಗೆ ಬರೆಯಲಿಲ್ಲ. ಯಾಕೆ? ಹಸಿವು ಎಂದರೆ ಕೇಳುವವನ ಕಣ್ಣು ಒದ್ದೆಯಾಗುತ್ತದೆ. ತಿಗಣೆ ಎಂದರೆ ಅವನು ಚಾಪೆಯಿಂದ ಎದ್ದು ಅತ್ತ ಹೋಗಿ ಕೂರುತ್ತಾನೆ. ಅದಕ್ಕೇ ನಾವು ನಾಚಿಕೊಂಡು ಬಾಯಿ ಮುಚ್ಚಿಕೊಂಡೆವು. ಈ ನಾಚಿಕೆಯನ್ನು ನಮಗೆ ಕೊಟ್ಟವರು ಯಾರು ಅನ್ನುವುದೇ ಇವತ್ತಿನ ಮಾತು.

ಸಂಸ್ಕೃತದಲ್ಲಿ ಒಂದು ಚಾಟು ಶ್ಲೋಕ ಇದೆಯಂತೆ ಎಂದು ನಮ್ಮ ಮೇಷ್ಟ್ರು ಹೇಳಿ ನಗಿಸಿದ್ದರು. ಲಕ್ಷ್ಮಿ ತಾವರೆ ಮೇಲೆ ಮಲಗುತ್ತಾಳೆ, ಶಿವ ಹಿಮಾಲಯದಲ್ಲಿ ಮಲಗುತ್ತಾನೆ, ವಿಷ್ಣು ಹಾಲಿನ ಕಡಲಲ್ಲಿ ಮಲಗುತ್ತಾನೆ. ಎಲ್ಲಾ ತಿಗಣೆ ಭಯಕ್ಕೇ ಇರಬೇಕು ಎಂದು ಆ ಕವಿಯ ತಮಾಷೆ. ತರಗತಿಯೆಲ್ಲ ನಕ್ಕಿತು, ನಾವೂ ನಕ್ಕೆವು. ಆಮೇಲೆ ಯೋಚನೆ ಬಂತು. ದೇವರಿಗೆ ಓಡಿಹೋಗಲು ತಾವರೆ ಇದೆ, ಬೆಟ್ಟ ಇದೆ, ಕಡಲಿದೆ. ಹತ್ತು ಅಡಿ ಉದ್ದದ ಒಂದೇ ಕೋಣೆಯಲ್ಲಿ ಏಳು ಜನ ಮಲಗುವವರು ಎಲ್ಲಿಗೆ ಓಡಬೇಕು?

ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿ ನಮ್ಮದು. ಡಾ. ಬೆಸಗರಹಳ್ಳಿ ರಾಮಣ್ಣನವರಿಂದಾಗಿ ಕನ್ನಡ ಓದುವವರಿಗೆಲ್ಲ ಹೆಸರು ಗೊತ್ತಿರುವ ಊರು. ಅವರು ವೈದ್ಯರೂ ಹೌದು, ಕತೆಗಾರರೂ ಹೌದು. ಹಳ್ಳಿಯವರ ಮೈಯ ನೋವನ್ನು ಮೈಯ ನೋವಾಗಿಯೇ ಕಂಡು ಬರೆದವರು. ಅವರ ಊರಿನವರಾದ ನಾವು ಮೈ ಕೆರೆತದ ಬಗ್ಗೆ ಬರೆಯಲು ಹಿಂಜರಿದರೆ ಅದಕ್ಕಿಂತ ಅವಮಾನ ಇನ್ನೊಂದಿಲ್ಲ.

ನಮ್ಮ ಕೇರಿಯಲ್ಲಿ ಬೇಸಿಗೆ ಬಂತು ಎಂದರೆ ಮಂಚ ಅಂಗಳಕ್ಕೆ ಬರುತ್ತಿತ್ತು. ‘ವಸಿ ಆ ಕಡೆ ಹಿಡ್ಕೊಳ್ಲಾ ಮಗ’ ಎಂದು ಅವ್ವ ಮಂಚದ ಕಾಲನ್ನು ನೆಲಕ್ಕೆ ಕುಟ್ಟುವಳು. ಸಂದಿಯಿಂದ ಉದುರಿದ್ದನ್ನು ಹೊಸಕುವುದು ಹುಡುಗರ ಕೆಲಸ. ಒಲೆ ಮೇಲೆ ಕೊತಕೊತ ಕುದಿಯುವ ನೀರನ್ನು ಸಂದಿಗೊಂದಿಗೆ ಹುಯ್ಯುವುದು ಅವ್ವನ ಕೆಲಸ. ದುಪ್ಪಟಿ, ರಗ್ಗು, ದಿಂಬಿನ ಬಟ್ಟೆ ಎಲ್ಲಾ ಬಿಸಿನೀರಿಗೆ. ಮಂಚದ ನಾಲ್ಕು ಕಾಲಿಗೂ ಸೀಮೆಎಣ್ಣೆ ಹಾಕಿದ ತಗಡಿನ ಬಟ್ಟಲು. ಶಾಲೆಯ ಮೆಟ್ಟಿಲು ಹತ್ತದ ಅವ್ವ ಮಾಡಿದ್ದು ಸರಿ ಎಂದೇ ಇವತ್ತಿನ ವಿಜ್ಞಾನವೂ ಹೇಳುತ್ತದೆ. ತಿಗಣೆ ಶಾಖಕ್ಕೆ ತಾಳುವುದಿಲ್ಲ. ೫೦ ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ಸರಿಯಾಗಿ ಮುಟ್ಟಿದರೆ ತಿಗಣೆಯೂ ಸಾಯುತ್ತದೆ, ಅದರ ಮೊಟ್ಟೆಯೂ ಸಾಯುತ್ತದೆ. ಅವ್ವನದು ತಪ್ಪಿದ್ದು ಒಂದೇ ಕಡೆ. ಅವಳು ನಮ್ಮ ಮನೆಯ ಮಂಚ ಕುಟ್ಟಿದಳು. ಗೋಡೆ ಹಂಚಿಕೊಂಡ ಪಕ್ಕದ ಮನೆಯ ಮಂಚ ಅವತ್ತು ಅಂಗಳಕ್ಕೆ ಬರಲಿಲ್ಲ. ತಿಂಗಳೊಳಗೆ ತಿಗಣೆ ವಾಪಸ್ಸು ಬಂತು.

ನಾವು ಓದಲು ಪೇಟೆಗೆ ಹೋದೆವು. ನಮ್ಮ ಮನೆಗಳಲ್ಲಿ ಡಿಗ್ರಿ ಮಟ್ಟಿಲು ಹತ್ತಿದವರಲ್ಲಿ ನಾವೇ ಮೊದಲಿಗರು. ಮೂವರು ಸೇರಿ ಒಂದು ರೂಮು ಹಿಡಿದೆವು. ಯಾವ ಊರು, ಯಾರ ಮಕ್ಕಳು ಎಂದು ಕೇಳಿದ ಮನೆಯವರಿಗೆ ಜಾತಿ ತಿಳಿದದ್ದು ತಡವಾಗಿ. ಮೊದಲ ರಾತ್ರಿಯೇ ಮೈಯೆಲ್ಲ ದಡಿಕೆ. ದೀಪ ಹಾಕಿ ನೋಡಿದರೆ ಗೋಡೆಯ ಗಾರೆ ಬಿಟ್ಟ ಸಂದಿಯಲ್ಲಿ ಸಾಲು ಸಾಲು ಕಪ್ಪು ಚುಕ್ಕೆ, ಒಣಗಿದ ಪೊರೆ. ಅವು ವರ್ಷಗಟ್ಟಲೆಯಿಂದ ಅಲ್ಲಿ ವಾಸವಾಗಿದ್ದವು. ನಾವು ನಿನ್ನೆ ಬಂದವರು. ಹೋಗಿ ಹೇಳಿದೆವು. ಮನೆ ಯಜಮಾನರು ಒಂದೇ ಮಾತು ಅಂದರು: ‘ನಿಮ್ಮ ಹಾಸಿಗೆ ಜೊತೆಗೇ ಬಂದಿರ್ತವೆ ಕಣ್ರಪ್ಪ, ನಿಮ್ಮ ಕಡೆ ಅವು ಜಾಸ್ತಿ ಅಲ್ವಾ?’ ತಿಂಗಳು ತುಂಬುವ ಮೊದಲು ರೂಮು ಖಾಲಿ ಮಾಡಿಸಿದರು. ಅದೇ ರೂಮಿಗೆ ಆಮೇಲೆ ಬಂದ ಹುಡುಗ ನಮ್ಮ ತರಗತಿಯವನೇ, ಯಜಮಾನರ ಜಾತಿಯವನೇ. ಅವನೂ ಕಚ್ಚಿಸಿಕೊಂಡು ಹೋಗಿ ಹೇಳಿದ. ಅವನಿಗೆ ಸಿಕ್ಕ ಉತ್ತರ: ‘ಹಳೇ ಮನೆ ಕಣಪ್ಪ, ಏನ್ ಮಾಡೋದು, ಸುಣ್ಣ ಹೊಡಿಸ್ತೀನಿ.’

ಒಂದೇ ಗೋಡೆ, ಒಂದೇ ಸಂದಿ, ಒಂದೇ ತಿಗಣೆ. ನಮ್ಮನ್ನು ಕಚ್ಚಿದಾಗ ತಪ್ಪು ನಮ್ಮ ಜಾತಿಯದು, ಅವನನ್ನು ಕಚ್ಚಿದಾಗ ತಪ್ಪು ಗೋಡೆಯದು. ಇದಕ್ಕಿಂತ ಸರಳವಾಗಿ ಅಸ್ಪೃಶ್ಯತೆಯನ್ನು ಯಾವ ಪಠ್ಯಪುಸ್ತಕವೂ ನಮಗೆ ಕಲಿಸಲಿಲ್ಲ.

ಅಮೆರಿಕದಲ್ಲಿ ಓದಿ ಬಂದ ಬಾಬಾಸಾಹೇಬರಿಗೇ ಬರೋಡದಲ್ಲಿ ತಂಗಲು ಜಾಗ ಸಿಗಲಿಲ್ಲ. ಪಾರ್ಸಿಗಳ ಛತ್ರವೊಂದರಲ್ಲಿ ಮುರುಕು ಬೆಂಚು ತುಂಬಿದ, ಬಾವಲಿ ಹಾರಾಡುವ ಕತ್ತಲೆ ಅಂಕಣದಲ್ಲಿ ಮಲಗಿದ್ದನ್ನು, ಹನ್ನೊಂದನೆಯ ದಿನ ಕೋಲು ಹಿಡಿದು ಬಂದವರು ಅಲ್ಲಿಂದಲೂ ಎಬ್ಬಿಸಿದ್ದನ್ನು ಅವರೇ ಬರೆದಿಟ್ಟಿದ್ದಾರೆ. ಅವರ ಮುಂದಾಳತ್ವದಲ್ಲಿ ಬರೆದ ಸಂವಿಧಾನದ ೧೫ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ ಎಂದು ಒಂದೊಂದರ ಹೆಸರು ಹಿಡಿದು ಹೇಳಿತು, ಇಲ್ಲಿ ಯಾರನ್ನೂ ಜಾತಿ ಕಾರಣಕ್ಕೆ ತಡೆಯಬಾರದು ಎಂದು. ಬಾಡಿಗೆ ಮನೆಯ ಹೆಸರು ಆ ಪಟ್ಟಿಯಲ್ಲಿಲ್ಲ. ಆ ಸಂದಿಯಲ್ಲೇ ಜಾತಿ ಅಡಗಿ ಕೂತಿದೆ. ನೋಡಿ, ಉಪಮೆ ಬೇಡ ಎಂದವರು ನಾವೇ, ಆದರೂ ಬಂದುಬಿಟ್ಟಿತು.

ತಿಗಣೆ ನಿಜಕ್ಕೂ ಏನು ಕೇಳುತ್ತದೆ? ಮಲಗಿದ ಮನುಷ್ಯನ ರಕ್ತ ಕೇಳುತ್ತದೆ, ಅಡಗಲು ಸಂದಿ ಕೇಳುತ್ತದೆ. ಅಷ್ಟೇ. ಕೊಳೆ ಅದಕ್ಕೆ ಆಹಾರವಲ್ಲ. ನಾವು ಬಿಡುವ ಉಸಿರನ್ನು, ಮೈಯ ಶಾಖವನ್ನು ಹಿಡಿದು ಅದು ಬರುತ್ತದೆ. ಉಸಿರಿಗೆ ಮಡಿ ಮೈಲಿಗೆ ಗೊತ್ತಿಲ್ಲ. ಹೆಣ್ಣು ತಿಗಣೆ ದಿನಕ್ಕೆ ಒಂದರಿಂದ ಐದು ಮೊಟ್ಟೆ ಇಡುತ್ತದೆ. ನಮ್ಮ ಸೆಖೆಗೆ ವಾರ ಹತ್ತು ದಿನದಲ್ಲಿ ಒಡೆದು ಮರಿಯಾಗುತ್ತದೆ. ಮರಿ ದೊಡ್ಡದಾಗಲು ಐದು ಸಲ ಪೊರೆ ಬಿಡಬೇಕು, ಒಂದೊಂದು ಸಲಕ್ಕೂ ರಕ್ತ ಕುಡಿಯಬೇಕು. ರಕ್ತ ಸಿಗದೆ ತಿಂಗಳುಗಟ್ಟಲೆ ಕಾಯುವ ತಾಳ್ಮೆಯೂ ಅದಕ್ಕಿದೆ. ಬಸ್ಸಿನ ಸೀಟು, ಲಾಡ್ಜಿನ ಹಾಸಿಗೆ, ಸೆಕೆಂಡ್ ಹ್ಯಾಂಡ್ ಮಂಚ, ನಮ್ಮ ನಿಮ್ಮ ಬ್ಯಾಗು, ಇವೇ ಅದರ ವಾಹನ.

೨೦೨೩ರಲ್ಲಿ ಪ್ಯಾರಿಸ್ ನಗರವೇ ತಿಗಣೆಗೆ ಬೆಚ್ಚಿಬಿದ್ದಿತು. ಸಿನಿಮಾ ಮಂದಿರ, ರೈಲು, ಹೋಟೆಲು ಎಲ್ಲೆಲ್ಲೂ ಅದೇ ಮಾತು. ಅಲ್ಲಿನ ಟಿವಿ ನಿರೂಪಕನೊಬ್ಬ ಕೇಳಿದ್ದೇನು ಗೊತ್ತೆ? ಹೊರಗಿನಿಂದ ವಲಸೆ ಬಂದವರಿಂದಲೇ ಇದು ಹೆಚ್ಚಾಯಿತೇ ಎಂದು. ನಮ್ಮ ಮನೆ ಯಜಮಾನರಿಗೂ ಪ್ಯಾರಿಸಿನ ನಿರೂಪಕನಿಗೂ ಎಷ್ಟು ಒಳ್ಳೆ ಹೊಂದಾಣಿಕೆ! ತಿಗಣೆ ಕಂಡಲ್ಲೆಲ್ಲ ಕೆಳಗಿನವನತ್ತ ಬೆರಳು ತೋರಿಸುವುದು ಲೋಕದ ರೂಢಿಯಾಗಿದೆ.

ಹಾಗಾದರೆ ಹಾಸ್ಟೆಲುಗಳಲ್ಲಿ ತಿಗಣೆ ಯಾಕೆ ಹೆಚ್ಚು? ಹುಡುಗರು ಕೊಳಕರೆಂದಲ್ಲ. ನಾಲ್ವರು ಇರಬೇಕಾದಲ್ಲಿ ಹನ್ನೆರಡು ಜನರನ್ನು ತುಂಬಿದ್ದಕ್ಕೆ. ಮಂಚದ ಸಂದಿ, ಕಿಟಕಿಯ ಸಂದಿ, ಗೋಡೆಯ ಸಂದಿ ಮುಚ್ಚದ್ದಕ್ಕೆ. ಹಳೆಯ ಬ್ಯಾಚಿನ ಹಾಸಿಗೆಯನ್ನು ಹೊಸ ಬ್ಯಾಚಿಗೆ ಹಾಗೇ ಹಂಚಿದ್ದಕ್ಕೆ. ನಾವಿದ್ದ ಹಾಸ್ಟೆಲಿನಲ್ಲಿ ಪರೀಕ್ಷೆ ದಿನಗಳಲ್ಲಿ ಹುಡುಗರು ವರಾಂಡದ ಸಿಮೆಂಟು ನೆಲದ ಮೇಲೆ, ದೀಪದ ಕೆಳಗೆ ಮಲಗುತ್ತಿದ್ದರು. ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುತ್ತಿದ್ದರು. ‘ಇವರಿಗೆ ಎಷ್ಟು ಸವಲತ್ತು ಕೊಟ್ಟರೂ ಅಷ್ಟೇ’ ಎಂಬ ಮಾತು ಬೆಂಚಿನ ಮೇಲೆ ಬೀಳುತ್ತಿತ್ತು. ತಿಗಣೆ ಕಡಿತದಿಂದ ರೋಗ ಹರಡುತ್ತದೆ ಎಂಬುದಕ್ಕೆ ಪುರಾವೆ ಸಿಕ್ಕಿಲ್ಲ. ಮಲೇರಿಯಾಕ್ಕೆ ಸರ್ಕಾರದ ಕಾರ್ಯಕ್ರಮ ಇದೆ, ಡೆಂಗ್ಯೂಗೆ ಇದೆ, ತಿಗಣೆಗೆ ಇಲ್ಲ. ನಿದ್ದೆ ಸತ್ತರೆ ಅದು ಸಾವಿನ ಲೆಕ್ಕಕ್ಕೆ ಬರುವುದಿಲ್ಲ. ಆದರೆ ನಿದ್ದೆ ಸತ್ತ ಹುಡುಗನ ಅಂಕ ಸಾಯುತ್ತದೆ, ಅಂಕ ಸತ್ತರೆ ಇಡೀ ಮನೆಯ ಆಸೆ ಸಾಯುತ್ತದೆ. ಆಮೇಲೆ ಅದಕ್ಕೆ ಪ್ರತಿಭೆ ಇಲ್ಲ ಎಂದು ಹೆಸರಿಡುತ್ತಾರೆ.

೨೦೨೨ರಲ್ಲಿ ಖಾಸಗಿ ಬಸ್ಸಿನಲ್ಲಿ ಮಂಗಳೂರಿನಿಂದ ಬೆಂಗಳೂರಿಗೆ ಹೋದ ಹೆಣ್ಣುಮಗಳೊಬ್ಬರನ್ನು ತಿಗಣೆ ಕಚ್ಚಿತು. ಅವರು ದೂರು ಕೊಟ್ಟರು. ದಕ್ಷಿಣ ಕನ್ನಡ ಜಿಲ್ಲಾ ಗ್ರಾಹಕರ ಆಯೋಗ ಅವರಿಗೆ ಒಟ್ಟು ೧.೨೯ ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಇದು ನ್ಯಾಯವಾದ ತೀರ್ಪು, ನಮಗೆ ಸಂತೋಷವೇ. ಆದರೆ ಲೆಕ್ಕ ಹಾಕಿ. ಒಂದು ರಾತ್ರಿಯ ಪ್ರಯಾಣಕ್ಕೆ ಅಷ್ಟಾದರೆ ಮೂರು ವರ್ಷದ ಹಾಸ್ಟೆಲಿನ ಸಾವಿರ ರಾತ್ರಿಗೆ ಎಷ್ಟು? ಬಸ್ಸಿನಲ್ಲಿ ಟಿಕೆಟು ಕೊಂಡವನು ಗ್ರಾಹಕ, ಅವನಿಗೆ ಹಕ್ಕುಂಟು. ಹಾಸ್ಟೆಲಿನ ಹುಡುಗನನ್ನು ಫಲಾನುಭವಿ ಎಂದು ಕರೆದರು. ಫಲಾನುಭವಿ ಕೈ ಮುಗಿಯಬೇಕು, ಕೇಳಬಾರದು. ಈ ಪದವನ್ನೇ ನಾವು ಮೊದಲು ಕೊಡವಬೇಕು, ಅವ್ವ ಮಂಚ ಕೊಡವಿದ ಹಾಗೆ.

ಇನ್ನು ವಿಷದ ಮಾತು. ೧೯೫೩ರಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದ ಮೇಲೆ ಹಳ್ಳಿ ಗೋಡೆಗಳಿಗೆ ಡಿಡಿಟಿ ಬಿತ್ತು. ಮೊದಮೊದಲು ತಿಗಣೆಯೂ ಸತ್ತಿತು, ಬರಬರುತ್ತಾ ವಿಷವನ್ನೇ ಅರಗಿಸಿಕೊಂಡಿತು. ಡಿಡಿಟಿಗೆ ಬಗ್ಗದ ತಿಗಣೆಗಳು ೧೯೪೭ರಲ್ಲೇ ಹವಾಯಿಯ ಪರ್ಲ್ ಹಾರ್ಬರಿನ ಬ್ಯಾರಕ್ಕುಗಳಲ್ಲಿ ಕಂಡಿದ್ದವು. ಈಗಿನ ಪೈರೆಥ್ರಾಯ್ಡ್ ಸ್ಪ್ರೇಗಳಿಗೂ ಅವು ಜಗ್ಗುತ್ತಿಲ್ಲ. ತಿಗಣೆ ಸಾಯಲಿಲ್ಲ, ಸತ್ತವರು ಮನುಷ್ಯರು. ನಮ್ಮ ಹಳ್ಳಿಗಳಲ್ಲಿ ಟಿಕ್-೨೦ ಎಂದರೆ ತಿಗಣೆ ನೆನಪಾಗುವ ಮೊದಲು ಯಾರೋ ಕುಡಿದು ಸತ್ತದ್ದು ನೆನಪಾಗುತ್ತದೆ. ೨೦೨೨ರ ಆಗಸ್ಟಿನಲ್ಲಿ ಬೆಂಗಳೂರಿನ ವಸಂತನಗರದಲ್ಲಿ ಕೀಟನಾಶಕ ಹೊಡೆಸಿದ್ದ ಬಾಡಿಗೆ ಮನೆಗೆ ಊರಿಂದ ಮರಳಿದ ಕುಟುಂಬವೊಂದರಲ್ಲಿ ಎಂಟು ವರ್ಷದ ಹೆಣ್ಣುಮಗು ಸತ್ತಿತು. ೨೦೨೫ರ ಅಕ್ಟೋಬರಿನಲ್ಲಿ ಅದೇ ಬೆಂಗಳೂರಿನ ಪಿಜಿಯೊಂದರಲ್ಲಿ, ತಿಗಣೆಗೆ ಹೊಡೆದಿದ್ದ ಔಷಧಿ ತುಂಬಿದ ಕೋಣೆಗೆ ಗೊತ್ತಿಲ್ಲದೆ ಹೋಗಿ ಮಲಗಿದ ಬಿ.ಟೆಕ್. ವಿದ್ಯಾರ್ಥಿಯೊಬ್ಬ ಸತ್ತ. ಒಂದು ಚೀಟಿ ಬಾಗಿಲಿಗೆ ಅಂಟಿಸಿದ್ದರೆ, ಒಂದು ಮಾತು ಹೇಳಿದ್ದರೆ ಉಳಿಯಬಹುದಾಗಿದ್ದ ಜೀವಗಳು ಇವು. ಬಾಡಿಗೆಗೆ ಇರುವವರಿಗೆ ತಾವು ಮಲಗುವ ಕೋಣೆಯ ಗಾಳಿಯಲ್ಲಿ ಏನಿದೆ ಎಂದು ತಿಳಿಯುವ ಹಕ್ಕೂ ಇಲ್ಲವೇ?

ಕಾನೂನು ಇಲ್ಲವೆಂದಲ್ಲ. ೧೯೬೮ರ ಕೀಟನಾಶಕ ಕಾಯಿದೆ ಇದೆ, ಕೀಟ ನಿಯಂತ್ರಣದ ಕಸುಬು ಮಾಡುವವರಿಗೆ ಪರವಾನಗಿ ಬೇಕೆಂಬ ನಿಯಮವೂ ಇದೆ. ದವಸಕ್ಕೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಕಂಡಕಂಡವರಿಗೆ ಮಾರುವ ಹಾಗಿಲ್ಲ. ಆ ಮಾತ್ರೆ ತೇವ ತಾಗಿದರೆ ಫಾಸ್ಫೀನ್ ಎಂಬ ವಿಷಗಾಳಿ ಬಿಡುತ್ತದೆ, ಅದಕ್ಕೆ ಮದ್ದಿಲ್ಲ. ಸಂಗಾತಿಗಳೇ, ಯಾರು ಏನೇ ಹೇಳಲಿ, ಮನುಷ್ಯರು ಮಲಗುವ ಕೋಣೆಗೆ ಆ ಮಾತ್ರೆಯನ್ನು ತರಬೇಡಿ. ಹೊಲಕ್ಕೆ ಹೊಡೆಯುವ ಔಷಧಿಯನ್ನು ಹಾಸಿಗೆಗೆ ಹೊಡೆಯಬೇಡಿ.

ಮಾಡಬೇಕಾದ್ದು ಏನು? ಅವ್ವನ ಕೆಲಸವನ್ನೇ, ಆದರೆ ಒಂಟಿಯಾಗಿ ಅಲ್ಲ. ಒಂದು ಭಾನುವಾರ ಗೊತ್ತು ಮಾಡಿ, ಇಡೀ ಸಾಲುಮನೆ, ಇಡೀ ಹಾಸ್ಟೆಲು ಒಂದೇ ದಿನ ಮಂಚ ಹೊರಗೆ ಹಾಕಲಿ. ಸಂದಿಗಳಿಗೆ ಕುದಿನೀರು. ಬಟ್ಟೆಬರೆ ಅರವತ್ತು ಡಿಗ್ರಿ ದಾಟಿದ ಬಿಸಿನೀರಲ್ಲಿ ನೆನೆಯಲಿ. ಬರೀ ಬಿಸಿಲಿಗೆ ಹಾಕಿದರೆ ಸಾಲದು. ದಪ್ಪ ಹಾಸಿಗೆಯ ಒಳಗೆ ಬಿಸಿಲು ಇಳಿಯುವುದಿಲ್ಲ, ತಿಗಣೆ ನೆರಳಿನ ಕಡೆಗೆ ಸರಿಯುತ್ತದೆ. ಗೋಡೆಯ ಸಂದಿಗೆ ಸಿಮೆಂಟು ಮೆತ್ತಿ. ಮಂಚವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆಯಿರಿ, ಹೊದಿಕೆ ನೆಲಕ್ಕೆ ಜೋತುಬೀಳದಿರಲಿ. ಉಳಿದ ಮೊಟ್ಟೆ ಒಡೆಯುವ ಹತ್ತನೆಯ ದಿನಕ್ಕೆ ಮತ್ತೆ ಇದೇ ಕೆಲಸ, ಮತ್ತೊಂದು ಸಲ ಇದೇ ಕೆಲಸ. ಸಭೆ ಸಮ್ಮೇಳನಕ್ಕೆ ಹೋಗಿ ಲಾಡ್ಜಿನಲ್ಲಿ ಉಳಿದರೆ ಬ್ಯಾಗನ್ನು ಮಂಚದ ಮೇಲಿಡುವ ಮೊದಲು ಹಾಸಿಗೆಯ ಹೊಲಿಗೆ ಎತ್ತಿ ನೋಡಿ. ಚುಕ್ಕೆ ಕಂಡರೆ ಬಾಯಿ ಬಿಟ್ಟು ಕೇಳಿ. ದುಡ್ಡು ಕೊಟ್ಟಿದ್ದೇವೆ, ನಾಚಿಕೆ ನಮಗಲ್ಲ.

ಇದರ ಜೊತೆಗೆ ಕೇಳಬೇಕಾದ್ದೂ ಇದೆ. ಹಾಸ್ಟೆಲಿನಲ್ಲಿ ಒಬ್ಬ ವಿದ್ಯಾರ್ಥಿಗೆ ಒಂದು ಕಬ್ಬಿಣದ ಮಂಚ, ಒಂದು ಹೊಸ ಹಾಸಿಗೆ. ವರ್ಷಕ್ಕೊಮ್ಮೆ ಸಂದಿ ಮುಚ್ಚುವ ರಿಪೇರಿ. ಔಷಧಿ ಹೊಡೆಯುವುದಾದರೆ ಪರವಾನಗಿ ಇದ್ದವರಿಂದ ಮಾತ್ರ, ಮೊದಲೇ ಬರವಣಿಗೆಯಲ್ಲಿ ತಿಳಿಸಿ, ಎಲ್ಲರಿಗೂ ಬೇರೆ ಕಡೆ ಮಲಗಲು ಜಾಗ ಕೊಟ್ಟು. ಹಳ್ಳಿ ಶಾಲೆಯ ಮೇಷ್ಟ್ರುಗಳಲ್ಲಿ ನಮ್ಮದೊಂದು ಕೋರಿಕೆ: ಮಗು ತೂಕಡಿಸಿದರೆ ಬಯ್ಯುವ ಮೊದಲು ಅದರ ತೋಳು ನೋಡಿ.

ನಾವು ಇನ್ನು ಮುಂದೆ ಕವನದಲ್ಲಿ ತಿಗಣೆ ಎಂದು ಬರೆಯುವ ಮೊದಲು ಒಂದು ಮಂಚವನ್ನಾದರೂ ಹೊರಗೆಳೆದು ಕುಟ್ಟಿರುತ್ತೇವೆ. ಬರುವ ಬೇಸಿಗೆಗೆ ಬೆಸಗರಹಳ್ಳಿಯ ನಮ್ಮ ಕೇರಿಯಿಂದಲೇ ಶುರು. ಈ ಸಲ ಪಕ್ಕದ ಮನೆಯ ಮಂಚವೂ ಅಂಗಳಕ್ಕೆ ಬರುತ್ತದೆ, ಅದರ ಪಕ್ಕದ್ದೂ ಬರುತ್ತದೆ. ಊರ ಒಳಗಿನ ಮನೆಗಳ ಮಂಚಗಳೂ ಬರಲಿ, ಅಲ್ಲೂ ಇವೆ, ನಮಗೆ ಗೊತ್ತು. ಒಂದೇ ಅಂಗಳದಲ್ಲಿ ಕುಟ್ಟೋಣ. ಬರಲು ನಾಚಿಕೆಯಾದವರು ಯೋಚಿಸಲಿ, ಅವರ ಮಂಚದಲ್ಲಿ ಕೂತಿರುವುದು ತಿಗಣೆ ಮಾತ್ರವೇ ಎಂದು.