ದೂರದಿಂದ ನಡೆಸುವ ಪ್ರಯೋಗ ಮತ್ತು ನಮ್ಮ ಎರೆಭೂಮಿ



ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದ ಬೆಟ್ಟದ ಮೇಲೆ, 2 ಮೀಟರ್ ಅಗಲದ ಕನ್ನಡಿಯುಳ್ಳ ದೂರದರ್ಶಕವೊಂದಿದೆ. ಅದನ್ನು ತಿರುಗಿಸಿ ನಕ್ಷತ್ರ ನೋಡುವವರು ಕುಳಿತಿರುವುದು ಬೆಂಗಳೂರಿನ ಸಮೀಪದ ಹೊಸಕೋಟೆಯಲ್ಲಿ. ಉಪಗ್ರಹ ಸಂಪರ್ಕದ ಈ ಏರ್ಪಾಡು 2001ರಲ್ಲಿಯೇ ಆರಂಭವಾಯಿತು. ಬೆಳೆಗಳ ಪ್ರಯೋಗವೂ ಈ ದಾರಿ ಹಿಡಿದಿದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ 2017ರಲ್ಲಿ ಉದ್ಘಾಟನೆಗೊಂಡ ಕೇಂದ್ರವೊಂದರಲ್ಲಿ, ಗಿಡದ ಕುಂಡಗಳು ತಾವಾಗಿಯೇ ಸಾಗಿ ತೂಕಕ್ಕೆ ನಿಲ್ಲುತ್ತವೆ, ನೀರು ಪಡೆಯುತ್ತವೆ, ಕ್ಯಾಮೆರಾದ ಮುಂದೆ ಬರುತ್ತವೆ.

ಇಂಥ ಏರ್ಪಾಡು ಕೊಪ್ಪಳ ಜಿಲ್ಲೆಗೂ ಬೇಕೆಂಬುದೇ ನನ್ನ ಅಭಿಪ್ರಾಯ. ಆದರೆ ಅದನ್ನು ಎಲ್ಲಿ, ಹೇಗೆ ಹೂಡಬೇಕೆಂಬುದರಲ್ಲಿ ನನ್ನ ತಕರಾರಿದೆ.

ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಖುಷ್ಕಿ ಜಮೀನನ್ನೇ ನೋಡಿರಿ. ಒಂದು ಊರಿಗೆ ಸುರಿದ ಮಳೆ ಪಕ್ಕದ ಊರಿಗೆ ಹನಿಯೂ ಬಿದ್ದಿರುವುದಿಲ್ಲ. ಸಜ್ಜೆ, ಕಡಲೆಯ ತಾಕಿನಲ್ಲಿ ಮಳೆಯ ಮರುಗಳಿಗೆಯಿಂದ ತೇವ ಹೇಗೆ ಇಳಿಯಿತೆಂದು ಗಂಟೆಗೊಮ್ಮೆ ಬರೆದಿಡಲು ಯಾವ ವಿಜ್ಞಾನಿಯಿಂದಲೂ ಆಗದು. ತಾನೇ ಅಳೆದು ಮೊಬೈಲ್ ಮೂಲಕ ಕಳಿಸುವ ಪೆಟ್ಟಿಗೆಗೆ ಅದು ಸಾಧ್ಯ. ಹಾಗಾಗಿ ಪ್ರಯೋಗವು ಸಂಶೋಧನಾ ಕೇಂದ್ರದ ಬೇಲಿ ದಾಟಿ ತಮ್ಮ ಹೊಲಕ್ಕೇ ಬರಬಹುದು. ಇದರ ನಿಜವಾದ ಲಾಭವಿರುವುದು ಇಲ್ಲಿ; ಕೇಂದ್ರದ ಒಳಗೇ ನಾಲ್ಕು ಪೆಟ್ಟಿಗೆ ನೆಟ್ಟರೆ ನೋಡಲು ಬಂದವರಿಗೆ ತೋರಿಸುವುದಕ್ಕಷ್ಟೇ ಚೆನ್ನ.

ಗಂಗಾವತಿಯ ಮಾತು ಬೇರೆ. ತುಂಗಭದ್ರಾ ಎಡದಂಡೆಯ ಭತ್ತದ ಗದ್ದೆಗಳಲ್ಲಿ ಜೌಗು ಮತ್ತು ಚೌಳು ಎರಡೂ ಇವೆ. ಸಾಮಾನ್ಯವಾಗಿ ಬಳಸುವ ತೇವಾಂಶದ ಸೆನ್ಸರ್ ಕಡ್ಡಿ ನೀರನ್ನು ನೇರವಾಗಿ ಅಳೆಯುವುದಿಲ್ಲ. ಮಣ್ಣಿನ ವಿದ್ಯುತ್ ಗುಣವನ್ನು ಅಳೆದು, ಅದರಿಂದ ನೀರಿನ ಲೆಕ್ಕ ಹಾಕುತ್ತದೆ. ಲವಣ ಹೆಚ್ಚಿದ ಮಣ್ಣಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುವುದರಿಂದ ಅಗ್ಗದ ಕಡ್ಡಿಗಳು ಇದ್ದುದಕ್ಕಿಂತ ಹೆಚ್ಚು ತೇವ ತೋರಿಸುವುದುಂಟು. ನೀರು ಬಿಡುವ ವಾಲ್ವನ್ನು ಅದೇ ಕಡ್ಡಿಗೆ ಒಪ್ಪಿಸಿದ್ದರೆ, ಬೆಳೆ ಬಾಡುತ್ತಿದ್ದರೂ ವಾಲ್ವು ತೆರೆಯದು! ಎರೆಭೂಮಿ ಒಣಗಿ ಬಿರುಕು ಬಿಟ್ಟಾಗ ಇದಕ್ಕೆ ತದ್ವಿರುದ್ಧ: ಕಡ್ಡಿಯ ಸುತ್ತ ಗಾಳಿ ಸೇರಿ, ಮಣ್ಣು ಇರುವುದಕ್ಕಿಂತ ಒಣಗಿದಂತೆ ಕಾಣುತ್ತದೆ. ಇನ್ನು ಕಡ್ಡಿ ಸರಿಯಾಗಿಯೇ ಅಳೆಯಿತೆನ್ನೋಣ. ಚೌಳು ಮಣ್ಣಿನಲ್ಲಿ ನೀರಿದ್ದರೂ ಬೇರಿಗೆ ಅದನ್ನು ಎಳೆದುಕೊಳ್ಳುವುದು ಕಷ್ಟ.

ಆದ್ದರಿಂದ ಅದೇ ಹೊಲದ ಮಣ್ಣನ್ನು ತೆಗೆದು ತೂಗಿ, 105 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ 24 ಗಂಟೆ ಒಣಗಿಸಿ, ಮತ್ತೆ ತೂಗಿ ಕಡ್ಡಿಯ ಲೆಕ್ಕದೊಡನೆ ತಾಳೆ ನೋಡಲೇಬೇಕು. ಹಳೆಯ ಪದ್ಧತಿ, ಬೇಸರದ ಕೆಲಸ. ಪೆಟ್ಟಿಗೆಗೆ ಹಣ ಮಂಜೂರು ಮಾಡುವವರು ಈ ಕೆಲಸಕ್ಕೂ ಹಣವಿಡಬೇಕು.

ಯಂತ್ರ ಬಂದಿತೆಂದು ಪ್ರಕ್ಷೇತ್ರದ ಸಹಾಯಕರನ್ನು ಕಡಿಮೆ ಮಾಡುವುದನ್ನಂತೂ ನಾನು ಒಪ್ಪಲಾರೆ. ಬದುವಿನ ಮೇಲೆ ಬಿಳಿ ಉಪ್ಪು ಮೂಡಿದ್ದು, ಎಲೆಯ ತುದಿ ಸುಟ್ಟಂತಾದದ್ದು, ಇಲಿ ತಂತಿ ಕಡಿದದ್ದು ಮೊದಲು ಕಾಣುವುದು ಅವರ ಕಣ್ಣಿಗೆ.

ತಮ್ಮ ಹೊಲದಲ್ಲಿ ಇಂಥ ಪೆಟ್ಟಿಗೆ ಇಡುತ್ತೇವೆಂದು ಯಾರಾದರೂ ಬಂದರೆ, ಅವರು ನಮ್ಮ ವಿಶ್ವವಿದ್ಯಾಲಯದವರೇ ಆಗಿರಲಿ, ಎರಡು ಪ್ರಶ್ನೆ ಕೇಳಿರಿ. ಇದನ್ನು ಯಾವ ಮಣ್ಣಿನಲ್ಲಿ ತಾಳೆ ನೋಡಿದ್ದೀರಿ? ಇಲ್ಲಿಂದ ಹೋಗುವ ಲೆಕ್ಕ ದಿನಾಲೂ ನನ್ನ ಮೊಬೈಲಿಗೂ ಕನ್ನಡದಲ್ಲಿ ಬರುತ್ತದೆಯೇ? ಎರಡಕ್ಕೂ ಸರಿಯಾದ ಉತ್ತರ ಸಿಕ್ಕ ಮೇಲೆ ಜಾಗ ಕೊಡಿರಿ.