ನೇಮ್‌ಪ್ಲೇಟಿನ ಅಂಕಿಯೂ ಶಿರೋಳದ ಗಾಳಿಯೂ

ಕಾರ್ಖಾನೆಯ ಬಾಗಿಲಿನ ದರಕ್ಕೂ ಸರಕು ನಮ್ಮ ಗೋದಾಮಿಗೆ ಬಂದು ಬಿದ್ದಾಗಿನ ದರಕ್ಕೂ ಇರುವ ಅಂತರವನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾದ ಅಗತ್ಯವಿಲ್ಲ. ಸಾಗಾಣಿಕೆ, ವಿಮೆ, ಹಮಾಲಿ, ತೆರಿಗೆ ಇವೆಲ್ಲವನ್ನೂ ಕೂಡಿಸದೆ ಯಾವ ವರ್ತಕನೂ ಮಾರಾಟದ ಬೆಲೆಯನ್ನು ನಿಗದಿಪಡಿಸುವುದಿಲ್ಲ. ಆದರೆ ಯಂತ್ರವೊಂದನ್ನು ಕೊಳ್ಳುವಾಗ, ಅದರಲ್ಲಿಯೂ ಗಾಳಿಯನ್ನು ನಂಬಿ ಕೆಲಸ ಮಾಡುವ ಯಂತ್ರವನ್ನು ಕೊಳ್ಳುವಾಗ, ಇದೇ ವರ್ತಕರು ನೇಮ್‌ಪ್ಲೇಟಿನ ಮೇಲಿನ ಸಾಮರ್ಥ್ಯವನ್ನು ಇದ್ದಂತೆಯೇ ಒಪ್ಪಿಕೊಂಡು ಪ್ರಾಜೆಕ್ಟ್ ರಿಪೋರ್ಟಿಗೆ ಇಳಿಸುತ್ತಾರೆ. ಆ ಅಂಕಿಯೂ ಕಾರ್ಖಾನೆಯ ಬಾಗಿಲಿನ ಅಂಕಿಯೇ. ಬಹುತೇಕ ಸಂದರ್ಭಗಳಲ್ಲಿ ಅದು ಸಮುದ್ರಮಟ್ಟದ, 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ, ಪ್ರತಿ ಘನಮೀಟರಿಗೆ 1.225 ಕಿಲೋಗ್ರಾಂ ತೂಗುವ ಗಾಳಿಯನ್ನು ಆಧರಿಸಿದ ಲೆಕ್ಕ. ನರಗುಂದ ತಾಲ್ಲೂಕಿನ ಶಿರೋಳದಲ್ಲಿ ಅಂತಹ ಗಾಳಿ ವರ್ಷದ ಒಂದು ದಿನವೂ ಬೀಸುವುದಿಲ್ಲ.

ಈ ವಿಷಯವನ್ನು ಈಗ ಎತ್ತಲು ಕಾರಣವಿದೆ. ಕೃಷಿ ಡ್ರೋನು ನಮ್ಮ ಎರೆಹೊಲಗಳಿಗೆ ಕಾಲಿಟ್ಟಿದೆ. ಕೇಂದ್ರ ಸರ್ಕಾರವು 2023ರ ನವೆಂಬರ್ ತಿಂಗಳಲ್ಲಿ ಮಂಜೂರು ಮಾಡಿದ ನಮೋ ಡ್ರೋನ್ ದೀದಿ ಯೋಜನೆಯು ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನಿನ ಬೆಲೆಯ ಶೇ. 80ರಷ್ಟು, ಗರಿಷ್ಠ ರೂ. 8 ಲಕ್ಷದವರೆಗೆ ಸಹಾಯಧನ ನೀಡಿ, ಉಳಿದ ಮೊತ್ತಕ್ಕೆ ಕೃಷಿ ಮೂಲಸೌಕರ್ಯ ನಿಧಿಯಡಿ ಶೇ. 3ರ ಬಡ್ಡಿ ರಿಯಾಯಿತಿಯ ಸಾಲಕ್ಕೆ ಅವಕಾಶ ಕಲ್ಪಿಸಿತು. 2025ರ ಸೆಪ್ಟೆಂಬರ್ 22ರಿಂದ ಡ್ರೋನುಗಳ ಮೇಲಿನ ಜಿ.ಎಸ್.ಟಿ. ಏಕರೂಪವಾಗಿ ಶೇ. 5ಕ್ಕೆ ಇಳಿಯಿತು. ಕಡಲೆ, ಹತ್ತಿ, ಮೆಣಸಿನಕಾಯಿ ಬೆಳೆಯುವ ಶಿರೋಳದಂತಹ ಊರುಗಳಲ್ಲಿ ಎಣ್ಣೆ ಹೊಡೆಯಲು ಆಳುಗಳು ಸಿಗದ ಪರಿಸ್ಥಿತಿಯಿರುವುದರಿಂದ, ಗೊಬ್ಬರ ಮತ್ತು ಕೀಟನಾಶಕದ ಅಂಗಡಿಕಾರರೂ ಡ್ರೋನನ್ನು ಬಾಡಿಗೆಗೆ ಕೊಡುವ ಉದ್ದಿಮೆಯತ್ತ ನೋಡುತ್ತಿದ್ದಾರೆ. ನನ್ನ ಮೇಜಿನ ಮೇಲೆ ಬರುವ ಇಂತಹ ಪ್ರಸ್ತಾವನೆಗಳಲ್ಲಿ ಸಬ್ಸಿಡಿಯ ಲೆಕ್ಕ ಪೈಸೆಗೆ ಪೈಸೆ ಸರಿಯಾಗಿರುತ್ತದೆ. ಪ್ರೊಪೆಲರಿನ ಲೆಕ್ಕ ಮಾತ್ರ ಎಲ್ಲಿಯೂ ಇರುವುದಿಲ್ಲ.

ಪ್ರೊಪೆಲರ್ ಮಾಡುವ ಕೆಲಸ ಅತ್ಯಂತ ಸರಳವಾದುದು. ಅದು ಗಾಳಿಯನ್ನು ಹಿಡಿದು ಹಿಂದಕ್ಕೆ, ಡ್ರೋನಿನಲ್ಲಾದರೆ ಕೆಳಕ್ಕೆ, ಎಸೆಯುತ್ತದೆ. ಎಸೆತದ ಪ್ರತಿಕ್ರಿಯೆಯೇ ನೂಕುಬಲ. ಕಣದಲ್ಲಿ ಬುಟ್ಟಿಯಿಂದ ಕಾಳು ಸುರಿಯುವ ಆಳಿನ ಬುಟ್ಟಿ ಅರ್ಧ ಮಾತ್ರ ತುಂಬಿದ್ದರೆ ಅಷ್ಟೇ ರಾಶಿ ಹಾಕಲು ಅವನು ಹೆಚ್ಚು ಬಾರಿ ಬಾಗಿ ಏಳಬೇಕು. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಬುಟ್ಟಿ ಬರಿದಾಗುತ್ತದೆ. ಪ್ರಮಾಣಿತ ವಾಯುಮಂಡಲದ ಲೆಕ್ಕದಂತೆ 3,000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇ. 74, 6,000 ಮೀಟರಿನಲ್ಲಿ ಶೇ. 54 ಮಾತ್ರ. ಒಂದೇ ವೇಗದಲ್ಲಿ ತಿರುಗುವ ಒಂದೇ ಪ್ರೊಪೆಲರಿನ ನೂಕುಬಲವು ಈ ಸಾಂದ್ರತೆಗೆ ನೇರ ಅನುಪಾತದಲ್ಲಿ ಇಳಿಯುತ್ತದೆ. ಸುತ್ತುವ ವೇಗವನ್ನು ಹೆಚ್ಚಿಸಿ ಕೊರತೆಯನ್ನು ತುಂಬಬಹುದು. ಆದರೆ ನೂಕುಬಲ ಏರುವುದು ವೇಗದ ವರ್ಗದ ಪ್ರಮಾಣದಲ್ಲಿ, ಖರ್ಚಾಗುವ ಶಕ್ತಿ ಏರುವುದು ಅದರ ಘನದ ಪ್ರಮಾಣದಲ್ಲಿ. ಆದಾಯಕ್ಕಿಂತ ವೆಚ್ಚವೇ ಬೇಗ ಬೆಳೆಯುವ ಖಾತೆ ಇದು.

ಶಿರೋಳವು ಹಿಮಾಲಯವಲ್ಲ, ಬಯಲುಸೀಮೆ; ಇಲ್ಲಿ ಎತ್ತರದ ಪ್ರಶ್ನೆಯಾದರೂ ಏಕೆ ಎಂದು ಕೆಲವರು ಕೇಳಬಹುದು. ಮಲಪ್ರಭೆಯ ಈ ಬಯಲು ಸಮುದ್ರಮಟ್ಟದಿಂದ 600 ಮೀಟರಿನ ಆಸುಪಾಸಿನಲ್ಲಿದೆ. ಹುಬ್ಬಳ್ಳಿ ವಿಮಾನ ನಿಲ್ದಾಣದ ಎತ್ತರ 662 ಮೀಟರ್. ಇದರ ಜೊತೆಗೆ ನಮ್ಮ ಬಿಸಿಲನ್ನು ಕೂಡಿಸಬೇಕು, ಏಕೆಂದರೆ ಕಾದ ಗಾಳಿಯೂ ತೆಳುವಾದ ಗಾಳಿಯೇ. 600 ಮೀಟರ್ ಎತ್ತರದಲ್ಲಿ, 40 ಡಿಗ್ರಿ ಬಿಸಿಲಿನ ಮಧ್ಯಾಹ್ನ, ಗಾಳಿಯ ಸಾಂದ್ರತೆ ಸುಮಾರು 1.05 ಕಿಲೋಗ್ರಾಂ; ಅಂದರೆ ಪ್ರಮಾಣಿತ ಅಂಕಿಗಿಂತ ಶೇ. 14ರಷ್ಟು ಕಡಿಮೆ. ಪ್ರಮಾಣಿತ ವಾಯುಮಂಡಲದಲ್ಲಿ ಇಷ್ಟು ತೆಳುವಾದ ಗಾಳಿ ಸಿಗುವುದು ಸುಮಾರು 1,600 ಮೀಟರ್ ಎತ್ತರದಲ್ಲಿ. ನಂದಿಬೆಟ್ಟದ ತುದಿಯ ಎತ್ತರ 1,478 ಮೀಟರ್. ಮೇ ತಿಂಗಳ ಶಿರೋಳದ ಹೊಲದಲ್ಲಿ ನಿಂತ ರೈತ ತಾನು ಬಯಲಿನಲ್ಲಿದ್ದೇನೆಂದು ತಿಳಿದಿರುತ್ತಾನೆ. ಅವನ ಡ್ರೋನಿನ ಪ್ರೊಪೆಲರಿಗೆ ಮಾತ್ರ ಅದು ನಂದಿಬೆಟ್ಟಕ್ಕಿಂತ ಎತ್ತರದ ಸ್ಥಳ. ಬೆಂಗಳೂರು ನಮಗಿಂತ ಸುಮಾರು 300 ಮೀಟರ್ ಮೇಲಿದೆ. ಆದರೂ 25 ಡಿಗ್ರಿಯ ಹಿತವಾದ ದಿನದಲ್ಲಿ ಅಲ್ಲಿಯ ಗಾಳಿ ನಮ್ಮ ಬೇಸಿಗೆಯ ಗಾಳಿಗಿಂತ ತುಸು ದಟ್ಟವಾಗಿಯೇ ಇರುತ್ತದೆ. ಅಲ್ಲಿ ನಡೆದ ಪ್ರಾತ್ಯಕ್ಷಿಕೆಯನ್ನು ನೋಡಿ ಇಲ್ಲಿಗೆ ಯಂತ್ರ ತರುವವರು ಇದನ್ನು ಗಮನಿಸಬೇಕು.

ಮೇ ತಿಂಗಳಲ್ಲಿ ಯಾರೂ ಎಣ್ಣೆ ಹೊಡೆಯುವುದಿಲ್ಲವೆಂಬ ಆಕ್ಷೇಪ ನ್ಯಾಯವಾದುದು. ಆದ್ದರಿಂದ ಮುಂಗಾರಿನ 28 ಡಿಗ್ರಿಯನ್ನೇ ತೆಗೆದುಕೊಳ್ಳೋಣ. ಆಗಲೂ ಕೊರತೆ ಶೇ. 11. ತೇವದ ಗಾಳಿ ಭಾರವೆಂಬ ನಂಬಿಕೆ ಜನರಲ್ಲಿದೆ. ವಾಸ್ತವವಾಗಿ ನೀರಾವಿ ಗಾಳಿಗಿಂತ ಹಗುರ, ಮಳೆಗಾಲದ ತೇವ ಇನ್ನೂ ಶೇ. 1ರಷ್ಟನ್ನು ಕಳೆಯುತ್ತದೆ. ಹಿಂಗಾರಿನ ಮುಂಜಾವಿನ 18 ಡಿಗ್ರಿಯ ತಂಪಿನಲ್ಲಿಯೂ ಶೇ. 8ರ ಕೊರತೆ ತಪ್ಪದು.

ಶೇ. 11 ಎಂಬುದು ಕೇಳಲು ಅಲ್ಪವಾಗಿ ತೋರುತ್ತದೆ. ಇಲ್ಲಿಯೇ ವಾಣಿಜ್ಯ ಪದವೀಧರನ ಕಣ್ಣಿನಿಂದ ನೋಡಬೇಕಾದ ಅಂಶವಿರುವುದು. ಹಾರುವಾಗ ಒಟ್ಟು 25 ಕಿಲೋಗ್ರಾಂ ತೂಗುವ, ಅದರಲ್ಲಿ 10 ಲೀಟರ್ ಔಷಧದ ದ್ರಾವಣವನ್ನು ಹೊರುವ ಡ್ರೋನೊಂದನ್ನು ಉದಾಹರಣೆಗೆ ತೆಗೆದುಕೊಳ್ಳಿ. ತಯಾರಕರು ಇರಿಸಿದ್ದ ಸುರಕ್ಷತೆಯ ಮಿಗತೆಯನ್ನು ಹಾಗೆಯೇ ಉಳಿಸಿಕೊಳ್ಳಬೇಕಾದರೆ ಒಟ್ಟು ತೂಕದಲ್ಲಿ ಶೇ. 11, ಅಂದರೆ ಸುಮಾರು 2.7 ಕಿಲೋಗ್ರಾಂ ಇಳಿಸಬೇಕು. ಡ್ರೋನಿನ ಚೌಕಟ್ಟು, ಮೋಟಾರು, ಬ್ಯಾಟರಿ ಇವುಗಳ ತೂಕ ಗುಂಜಿಯಷ್ಟೂ ಇಳಿಯುವುದಿಲ್ಲ. ಇಳಿಯಬೇಕಾದುದೆಲ್ಲವೂ ಟ್ಯಾಂಕಿನಿಂದಲೇ. 10 ಲೀಟರ್ ಹೊರುತ್ತಿದ್ದುದು 7.3 ಲೀಟರಿಗೆ ಬರುತ್ತದೆ. ಶೇ. 11ರ ಗಾಳಿಯ ಕೊರತೆ ಶೇ. 27ರ ಸರಕಿನ ಕೊರತೆಯಾಯಿತು. ಎಕರೆಗೆ 10 ಲೀಟರ್ ದ್ರಾವಣ, ರೂ. 300 ಬಾಡಿಗೆ, ದಿನಕ್ಕೆ 20 ಹಾರಾಟ ಎಂದು ಹಿಡಿದರೆ ಕೊಟೇಶನ್ನಿನ ಪ್ರಕಾರ ದಿನದ ಆದಾಯ ರೂ. 6,000, ಶಿರೋಳದ ಗಾಳಿಯ ಪ್ರಕಾರ ರೂ. 4,380. ಚಾಲಕನ ಪಗಾರ, ವಾಹನ, ಚಾರ್ಜಿಂಗ್, ಬ್ಯಾಟರಿ ಸವಕಳಿ ಎಲ್ಲ ಸೇರಿ ದಿನಕ್ಕೆ ರೂ. 3,500 ಎಂದಿಟ್ಟುಕೊಂಡರೆ, ರೂ. 2,500ರ ಮಿಗತೆ ರೂ. 880ಕ್ಕೆ ಕುಸಿಯುತ್ತದೆ. ಬ್ಯಾಂಕಿನ ಕಂತು ಮಾತ್ರ ಕೊಟೇಶನ್ನಿನ ಲೆಕ್ಕದಂತೆಯೇ ಬರುತ್ತದೆ. ಸ್ಥಿರ ವೆಚ್ಚ ಹೆಚ್ಚಿರುವ ಗಿರಣಿಯಲ್ಲಿ ಮಾರಾಟ ತುಸು ಇಳಿದರೂ ಲಾಭ ಪೂರ್ತಿ ಕರಗುವುದನ್ನು ಕಂಡ ಉದ್ಯಮಿಗಳಿಗೆ ಇದು ಹೊಸ ಪಾಠವಲ್ಲ. ಇಲ್ಲಿ ಸ್ಥಿರ ವೆಚ್ಚದ ಜಾಗದಲ್ಲಿ ಸ್ಥಿರ ತೂಕ ಇದೆ, ಅಷ್ಟೇ.

ಮಾರಾಟಗಾರರ ವಾದವೂ ಇದೆ. ತಮ್ಮ ಯಂತ್ರ ಶಿರೋಳದಲ್ಲಿಯೂ 10 ಲೀಟರ್ ಎತ್ತಿಯೇ ಎತ್ತುತ್ತದೆಂದು ಅವರು ಹೇಳುತ್ತಾರೆ. ಅದು ಸುಳ್ಳಲ್ಲ. ಡ್ರೋನಿನ ಮೋಟಾರುಗಳಿಗೆ ಮೀಸಲು ಶಕ್ತಿ ಇರುತ್ತದೆ, ಪ್ರೊಪೆಲರುಗಳು ಶೇ. 6ರಷ್ಟು ಹೆಚ್ಚು ವೇಗದಲ್ಲಿ ಸುತ್ತಿ, ಶೇ. 6ರಷ್ಟು ಹೆಚ್ಚು ವಿದ್ಯುತ್ತನ್ನು ನುಂಗಿ ಅದನ್ನು ಎತ್ತಿಬಿಡುತ್ತವೆ. ಆದರೆ ಆ ಮೀಸಲು ಇರುವುದು ಗಾಳಿ ತಟ್ಟನೆ ಬೀಸಿದಾಗ ಯಂತ್ರ ಉರುಳದಿರಲೆಂದು. ಕಾದಿಟ್ಟ ನಿಧಿಯಿಂದ ದಿನನಿತ್ಯದ ಖರ್ಚು ನಡೆಸುವ ಸಂಸ್ಥೆಯ ಆರೋಗ್ಯದ ಕುರಿತು ಲೆಕ್ಕಪರಿಶೋಧಕರು ಏನು ಬರೆಯುತ್ತಾರೋ ಇಲ್ಲಿಯೂ ಅದನ್ನೇ ಬರೆಯಬೇಕು. ಬ್ಯಾಟರಿ ಬೇಗ ಬರಿದಾಗುತ್ತದೆ, ಮೋಟಾರು ಹೆಚ್ಚು ಕಾಯುತ್ತದೆ, ಅದನ್ನು ತಂಪಾಗಿಸಬೇಕಾದ ಗಾಳಿಯೂ ತೆಳುವಾಗಿಯೇ ಇರುತ್ತದೆ.

ವಿಮಾನ ನಿರ್ಮಾಪಕರು ಈ ಸಮಸ್ಯೆಯನ್ನು ಮುಚ್ಚಿಟ್ಟವರಲ್ಲ. ಎತ್ತರಕ್ಕೆ ಹೋದಂತೆ ಸಾದಾ ಪಿಸ್ಟನ್ ಎಂಜಿನ್ನಿಗೆ ಎರಡು ಪಟ್ಟು ಪೆಟ್ಟು: ಪ್ರೊಪೆಲರಿನ ಹಿಡಿತವೂ ಸಡಿಲ, ಎಂಜಿನ್ನಿನ ಉಸಿರೂ ಮೊಟಕು. ಅದಕ್ಕಾಗಿ ಸೂಪರ್‌ಚಾರ್ಜರ್ ಬಂದಿತು. ಹಾರುತ್ತಿರುವಾಗಲೇ ಅಲಗುಗಳ ಓರೆಯನ್ನು ಬದಲಿಸಬಲ್ಲ ಪ್ರೊಪೆಲರ್ ಬಂದಿತು. ಎ.ಟಿ.ಆರ್. 72-600 ವಿಮಾನದ ಪ್ರತಿ ಎಂಜಿನ್ನಿಗೂ ಆರು ಅಲಗುಗಳ, 3.93 ಮೀಟರ್ ವ್ಯಾಸದ ಇಂತಹ ಪ್ರೊಪೆಲರ್ ಇದೆ. ನೆಲದಿಂದ ಏಳುವಾಗ ಅಲಗುಗಳು ಗಾಳಿಯನ್ನು ಸಣ್ಣ ಸಣ್ಣ ತುತ್ತುಗಳಲ್ಲಿ ಕಚ್ಚುತ್ತವೆ. ಎತ್ತರದಲ್ಲಿ, ವೇಗ ಹೆಚ್ಚಿದಾಗ, ಓರೆ ಹೆಚ್ಚಿಸಿಕೊಂಡು ದೊಡ್ಡ ತುತ್ತನ್ನು ತೆಗೆದುಕೊಳ್ಳುತ್ತವೆ. ಅಲ್ಲಿಯೂ ಮಿತಿಯಿದೆ. ಅದು ಹಾರುವ ಗರಿಷ್ಠ ಎತ್ತರವಾದ 25,000 ಅಡಿಯಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಅರ್ಧಕ್ಕಿಂತಲೂ ಕಡಿಮೆ. ತಂಪು ಹೆಚ್ಚಿದಂತೆ ಶಬ್ದದ ವೇಗವೂ ಇಳಿಯುವುದರಿಂದ ಅಲಗಿನ ತುದಿಯನ್ನು ಮನಬಂದಷ್ಟು ವೇಗವಾಗಿ ತಿರುಗಿಸುವಂತಿಲ್ಲ. ಹಾಗಿದ್ದರೂ ಅಷ್ಟು ಮೇಲೆ ಏಕೆ ಹೋಗುತ್ತದೆಂದರೆ, ತೆಳುವಾದ ಗಾಳಿ ವಿಮಾನದ ಮೈಗೆ ಒಡ್ಡುವ ತಡೆಯೂ ಕಡಿಮೆ. ಖರ್ಚಿನ ಬದಿಯಲ್ಲಿ ಉಳಿತಾಯವಿದೆ. ಒಂದೆಡೆ ನಿಂತು ತೂಗಾಡುವ ಡ್ರೋನಿಗೆ ಈ ಉಳಿತಾಯ ದಕ್ಕುವುದಿಲ್ಲ, ಅದರ ಪ್ರೊಪೆಲರಿನ ಅಲಗುಗಳ ಓರೆಯೂ ಸಾಮಾನ್ಯವಾಗಿ ಬದಲಾಗುವುದಿಲ್ಲ.

ಬೆಂಗಳೂರಿನ ಎಚ್.ಎ.ಎಲ್. ಪರವಾನಗಿಯ ಮೇಲೆ ನಿರ್ಮಿಸಿದ ಚೀತಾ ಹೆಲಿಕಾಪ್ಟರಿನ ನಿದರ್ಶನ ನನಗೆ ಇನ್ನೂ ಮೆಚ್ಚಿಗೆಯಾದುದು. ಅದರ ಮೂಲ ಮಾದರಿಯಾದ ಫ್ರೆಂಚ್ ಲಾಮಾದಲ್ಲಿ ಜ್ಯಾಂ ಬೂಲೆ 1972ರ ಜೂನ್ 21ರಂದು 12,442 ಮೀಟರ್ ಎತ್ತರಕ್ಕೇರಿ ದಾಖಲೆ ನಿರ್ಮಿಸಿದನು. ಸಿಯಾಚಿನ್ನಿನ ನೆಲೆಗಳಿಗೆ ದಶಕಗಳ ಕಾಲ ಸರಕು ಹೊತ್ತದ್ದು ಇದೇ ಚೀತಾ. ಅದರ ಎಂಜಿನ್ನಿಗೆ 870 ಅಶ್ವಶಕ್ತಿಯ ಸಾಮರ್ಥ್ಯವಿದ್ದರೂ ಬಳಕೆಗೆ ಘೋಷಿಸಿದ್ದು 550 ಮಾತ್ರ. ಉಳಿದುದು ತೆಳುವಾದ ಗಾಳಿಗಾಗಿ ಕಾದಿರಿಸಿದ ಮೀಸಲು. ಕಡಿಮೆ ಅಂಕಿಯನ್ನು ಘೋಷಿಸಿ ಎಲ್ಲಿಯೂ ಅದನ್ನು ಈಡೇರಿಸುವ ಈ ಕ್ರಮವು ಲೆಕ್ಕಶಾಸ್ತ್ರದ ಜಾಗರೂಕತೆಯ ತತ್ತ್ವಕ್ಕೆ ಎಷ್ಟು ಹತ್ತಿರವಿದೆ! ನಮ್ಮ ಡ್ರೋನು ವ್ಯಾಪಾರದಲ್ಲಿ ನಡೆಯುತ್ತಿರುವುದು ಇದರ ತದ್ವಿರುದ್ಧ. ಕೆಲವು ಪ್ರಸಿದ್ಧ ತಯಾರಕರ ವಿವರಪಟ್ಟಿಯಲ್ಲಿ ತೂಕದ ಅಂಕಿಯ ಕೆಳಗೆ 'ಸಮುದ್ರಮಟ್ಟದಲ್ಲಿ' ಎಂಬ ಸಣ್ಣಕ್ಷರದ ಟಿಪ್ಪಣಿ ಇರುವುದುಂಟು. ಸ್ಥಳೀಯ ಕೊಟೇಶನ್ನಿಗೆ ಬರುವಷ್ಟರಲ್ಲಿ ಅದು ಬಿಟ್ಟುಹೋಗಿರುತ್ತದೆ.

ನಮ್ಮ ಭಾಗಕ್ಕೆ ಇದು ಮೊದಲ ಅನುಭವವೂ ಅಲ್ಲ. ಗಜೇಂದ್ರಗಡದ ಗುಡ್ಡಗಳ ಮೇಲೆ ಮತ್ತು ಕಪ್ಪತಗುಡ್ಡದ ಸುತ್ತ ನಿಂತಿರುವ ಗಾಳಿ ವಿದ್ಯುತ್ ಯಂತ್ರಗಳು ತಿರುವುಮುರುವಾದ ಪ್ರೊಪೆಲರುಗಳೇ. ಗಾಳಿಯ ವೇಗ ಯಂತ್ರದ ಪೂರ್ಣ ಸಾಮರ್ಥ್ಯಕ್ಕೆ ಸಾಲದಿರುವಾಗ ಉತ್ಪಾದನೆಯು ಸಾಂದ್ರತೆಗೆ ಅನುಗುಣವಾಗಿ ಇಳಿಯುತ್ತದೆ. 800 ಮೀಟರಿನ ಗುಡ್ಡದಲ್ಲಿ, ಮುಂಗಾರಿನ ಉಷ್ಣತೆಯಲ್ಲಿ, ಆ ಇಳಿಕೆ ಶೇ. 13ರ ಸನಿಹ. ಆದರೆ ದೇಶದಾದ್ಯಂತ ಈ ಯಂತ್ರಗಳಲ್ಲಿ ಹಣ ಹೂಡಿದ ಬಹಳ ಮಂದಿ ವ್ಯಾಪಾರಸ್ಥರ ದೃಷ್ಟಿ ಇದ್ದುದು ಸವಕಳಿಯ ದರದ ಮೇಲೆ. ಮೊದಲು ಶೇ. 100, ಅನಂತರ ಶೇ. 80 ಇದ್ದ ಆ ದರ 2012ರಲ್ಲಿ ಹಿಂತೆಗೆಯಲ್ಪಟ್ಟು, 2014ರಲ್ಲಿ ಮರಳಿ ಬಂದು, 2017ರ ಏಪ್ರಿಲ್‌ನಿಂದ ಶೇ. 40ಕ್ಕೆ ನಿಂತಿತು. ತೆರಿಗೆಯ ಉಳಿತಾಯ ದೊಡ್ಡದಾಗಿದ್ದಾಗ ಗಾಳಿ ಎಷ್ಟು ತೂಗುತ್ತದೆಂದು ಯಾರೂ ಕೇಳುವುದಿಲ್ಲ. ಡ್ರೋನಿನ ಸಹಾಯಧನವೂ ಅದೇ ಮಂಪರನ್ನು ತರುತ್ತಿದೆ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಪರಿಹಾರ ದುಬಾರಿಯೇನೂ ಅಲ್ಲ. ಪ್ರೊಪೆಲರಿನ ನೂಕುಬಲವು ಅದರ ವ್ಯಾಸದ ನಾಲ್ಕನೆಯ ಘಾತದ ಪ್ರಮಾಣದಲ್ಲಿ ಏರುತ್ತದೆ. ಆದ್ದರಿಂದ 30 ಅಂಗುಲದ ಪ್ರೊಪೆಲರನ್ನು ಅದೇ ಆಕಾರದಲ್ಲಿ 31 ಅಂಗುಲಕ್ಕೆ ಹಿಗ್ಗಿಸಿದರೆ ಮುಂಗಾರಿನ ಶೇ. 11ರ ಕೊರತೆ ಬಹುತೇಕ ತುಂಬಿಬರುತ್ತದೆ. ಹೆಚ್ಚಿಗೆ ಬೇಕಾಗುವ ಶಕ್ತಿ ಶೇ. 5ರಷ್ಟು. ಆದರೆ ಇದನ್ನು ಊರಿನ ಗ್ಯಾರೇಜಿನಲ್ಲಿ ಮಾಡತಕ್ಕದ್ದಲ್ಲ. 2021ರ ಡ್ರೋನ್ ನಿಯಮಗಳಡಿ ಮಾದರಿ ಪ್ರಮಾಣಪತ್ರ ಪಡೆದ ಯಂತ್ರದ ಅಂಗವನ್ನು ತಾನೇ ಬದಲಿಸಿದವನು ಆ ಪ್ರಮಾಣಪತ್ರದ ಆಸರೆಯನ್ನೂ ವಿಮೆಯ ಆಸರೆಯನ್ನೂ ಕಳೆದುಕೊಳ್ಳುವ ಅಪಾಯವಿದೆ. ಬದಲಾವಣೆ ತಯಾರಕರಿಂದಲೇ, ಅನುಮೋದನೆಯೊಂದಿಗೆ ಬರಬೇಕು. ದಖ್ಖನ್ನಿನ ಬಯಲಿಗೆ ತಕ್ಕ ಪ್ರೊಪೆಲರ್ ಬೇಕೆಂದು ಕೇಳುವ ಗಿರಾಕಿಗಳು ಒಟ್ಟಾಗಿ ಬಂದರೆ ತಯಾರಕರು ಕೊಡದಿರಲು ಕಾರಣವಿಲ್ಲ. ಹುಬ್ಬಳ್ಳಿ-ಧಾರವಾಡದ ಸಣ್ಣ ಉದ್ದಿಮೆಗಳಲ್ಲಿ ಅಚ್ಚು ಮತ್ತು ಫೈಬರ್ ಕೆಲಸ ಬಲ್ಲವರಿಗೆ ಅಂತಹ ತಯಾರಕರ ಪೂರೈಕೆದಾರರಾಗುವ ಅವಕಾಶವೂ ಇದರಲ್ಲಿದೆ.

ವಾಣಿಜ್ಯೋದ್ಯಮ ಸಂಸ್ಥೆಯ ಮುಂದೆ ನಾನು ಇಡುವ ಬೇಡಿಕೆ ಇಷ್ಟೇ. ಸದಸ್ಯರು ಪಡೆಯುವ ಪ್ರತಿಯೊಂದು ಡ್ರೋನ್ ಕೊಟೇಶನ್ನಿನಲ್ಲಿ 600 ಮೀಟರ್ ಎತ್ತರ ಮತ್ತು 35 ಡಿಗ್ರಿ ಉಷ್ಣತೆಯಲ್ಲಿ ಎಷ್ಟು ಲೀಟರ್, ಎಷ್ಟು ನಿಮಿಷ ಎಂಬುದನ್ನು ಮಾರಾಟಗಾರರು ಬರವಣಿಗೆಯಲ್ಲಿ ನಮೂದಿಸುವಂತೆ ಒಂದು ಮಾದರಿ ನಮೂನೆಯನ್ನು ಸಂಸ್ಥೆ ಹೊರಡಿಸಲಿ. ಜನರೇಟರಿನಂತಹ ಡೀಸೆಲ್ ಯಂತ್ರಗಳಿಗೆ ಇಂತಹ ಕಡಿತದ ಕೋಷ್ಟಕ ಕೊಡುವ ವಾಡಿಕೆ ಮೊದಲಿನಿಂದಲೂ ಇದೆ. ಡ್ರೋನಿಗೆ ಮಾತ್ರ ವಿನಾಯಿತಿ ಏಕೆ? ಹುಬ್ಬಳ್ಳಿಯ ತಾಂತ್ರಿಕ ಕಾಲೇಜುಗಳ ಸಹಕಾರದಿಂದ ನೂಕುಬಲ ಅಳೆಯುವ ಒಂದು ಪರೀಕ್ಷಾ ಪೀಠವನ್ನು ಸ್ಥಾಪಿಸುವುದೂ ಕಷ್ಟವಲ್ಲ. ತೂಕ ಅಳೆಯುವ ಲೋಡ್ ಸೆಲ್, ಸುತ್ತು ಎಣಿಸುವ ಮಾಪಕ, ವಿದ್ಯುತ್ ಮಾಪಕ, ಒಂದು ಉಷ್ಣತಾಮಾಪಕ, ಒಂದು ವಾಯುಭಾರಮಾಪಕ ಇಷ್ಟಿದ್ದರೆ ಸಾಕು. ಬ್ಯಾಂಕುಗಳ ಶಾಖಾ ವ್ಯವಸ್ಥಾಪಕರು ಸಾಲ ಮಂಜೂರು ಮಾಡುವ ಮುನ್ನ ಆ ಪರೀಕ್ಷೆಯ ಪತ್ರವನ್ನು ಕೇಳಿದರೆ ಕಂತು ಕಟ್ಟುವ ಸಂಘಗಳಿಗೂ ಕ್ಷೇಮ, ಬ್ಯಾಂಕಿಗೂ ಕ್ಷೇಮ. ನಮೂನೆಯ ಕರಡನ್ನು ಸಂಸ್ಥೆಯ ಕಾರ್ಯಾಲಯಕ್ಕೆ ಸಿದ್ಧಪಡಿಸಿ ಕೊಡಲು ನಾನು ಸಿದ್ಧನಿದ್ದೇನೆ. ಮುಂಗಾರಿನ ಸಿಂಪಡಣೆಗಾಗಿ ಖರೀದಿ ಆದೇಶಗಳು ಹೊರಡುವುದು ಮೇ ತಿಂಗಳಲ್ಲಿ. ಅದಕ್ಕೆ ಮೊದಲಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿಯೇ ಇದನ್ನು ಕೈಗೆತ್ತಿಕೊಳ್ಳುವುದು ಒಳಿತು.