ಯೇಸುವಿನ ಬಳಿಗೆ ಹೊತ್ತು ತರುವ ಸ್ನೇಹ



ಗೆಳೆಯನ ಗುಟ್ಟು ಕಾಯುವುದೇ ನಿಜವಾದ ಸ್ನೇಹ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದೇವೆ. ಒಬ್ಬ ಮೊಬೈಲಿನಲ್ಲಿ ಕ್ರಿಕೆಟ್ ಬೆಟ್ಟಿಂಗ್ ಆಡಿ ಸಾಲ ಮಾಡಿಕೊಂಡಿರುತ್ತಾನೆ. ಇನ್ನೊಬ್ಬಳು ಪರೀಕ್ಷೆಯಲ್ಲಿ ಫೇಲಾಗಿ ಊಟ, ನಿದ್ದೆ ಬಿಟ್ಟಿರುತ್ತಾಳೆ. ಗೆಳೆಯರಿಗೆಲ್ಲ ಗೊತ್ತು, ಮನೆಯವರಿಗೆ ಮಾತ್ರ ಗೊತ್ತಿಲ್ಲ. "ಯಾರಿಗೂ ಹೇಳಬೇಡ" ಎಂಬ ಮಾತಿಗೆ ಕಟ್ಟುಬಿದ್ದು ಸುಮ್ಮನಿರುತ್ತೇವೆ. ಇದು ದೇವರು ಮೆಚ್ಚುವ ಸ್ನೇಹವೇ? ಅಲ್ಲ ಎಂಬುದು ನಮ್ಮ ಅಭಿಪ್ರಾಯ.

ಮಾರ್ಕನ ಸುವಾರ್ತೆಯ 2ನೇ ಅಧ್ಯಾಯ ತೆಗೆದು ಓದಿ. ಕಪೆರ್ನೌಮಿನಲ್ಲಿ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದರು. ಜನಸಂದಣಿಯಲ್ಲಿ ದಾರಿ ಸಿಗದಿದ್ದಾಗ ಚಾವಣಿ ಬಿಚ್ಚಿ ಅವನನ್ನು ಯೇಸುವಿನ ಮುಂದೆ ಇಳಿಸಿದರು. ಆ ನಾಲ್ವರ ಹೆಸರು ಸುವಾರ್ತೆಯಲ್ಲಿಲ್ಲ. ಆದರೆ ಯೇಸು ನೋಡಿದ್ದು ರೋಗಿಯ ನಂಬಿಕೆಯನ್ನಷ್ಟೇ ಅಲ್ಲ, ಹೊತ್ತು ತಂದವರ ನಂಬಿಕೆಯನ್ನೂ.

ನಮ್ಮ ಮಿರಜ್ ಆಸ್ಪತ್ರೆಗಳ ಊರು. ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಇಲ್ಲಿ ಮಿಷನ್ ಆಸ್ಪತ್ರೆ ತೆರೆದರು. ಇಂದಿಗೂ ಜತ್, ಅಥಣಿ, ಚಿಕ್ಕೋಡಿ ಕಡೆಯಿಂದ ರೋಗಿಗಳು ಈ ಊರಿಗೆ ಬರುತ್ತಾರೆ. ಅವರ ಜೊತೆ ಬಂದವರನ್ನು ಗಮನಿಸಿ. ಕೇಸ್ ಪೇಪರ್ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ, ವರಾಂಡದಲ್ಲಿ ಚಾದರ ಹಾಸಿ ಮಲಗುತ್ತಾರೆ, ರಕ್ತ ಬೇಕೆಂದರೆ ತೋಳು ಚಾಚುತ್ತಾರೆ. ಕಾಯಿಲೆ ಮುಚ್ಚಿಟ್ಟರೆ ವಾಸಿಯಾಗದು ಎಂದು ಅವರಿಗೆ ಗೊತ್ತು. ದೇಹದ ಕಾಯಿಲೆಗೆ ಇಷ್ಟು ಮಾಡುವ ನಾವು ಗೆಳೆಯನ ಮನಸ್ಸಿನ ಕಾಯಿಲೆಗೆ ಮಾತ್ರ ಯಾಕೆ ಬಾಯಿ ಮುಚ್ಚಿಕೊಳ್ಳುತ್ತೇವೆ?

ಹಾಗೆಂದು ಗುಟ್ಟನ್ನು ಊರಿಗೆಲ್ಲ ಸಾರಬೇಕೆಂದಲ್ಲ. ಚಾಡಿಮಾತು ಸ್ನೇಹವನ್ನು ಒಡೆಯುತ್ತದೆಂದು ಜ್ಞಾನೋಕ್ತಿಗಳು ಎಚ್ಚರಿಸುತ್ತವೆ. "ಪ್ರಾರ್ಥನೆ ಮಾಡಿ" ಎಂದು ವಾಟ್ಸಾಪ್ ಗ್ರೂಪಿನಲ್ಲಿ ಹೆಸರು ಹಾಕಿ ಬರೆಯುವುದೂ ಚಾಡಿಯೇ. ಮೊದಲು ಗೆಳೆಯನೊಬ್ಬನ ಹತ್ತಿರವೇ ಕೂತು ನೇರವಾಗಿ ಮಾತಾಡಬೇಕು. ಆಮೇಲೆ "ನಡಿ, ಅಪ್ಪನಿಗೆ ಹೇಳೋಣ, ನಾನೂ ಬರ್ತೀನಿ" ಎನ್ನಬೇಕು. ಜೀವಕ್ಕೆ ಅಪಾಯ ಇದೆ ಎನ್ನಿಸಿದರೆ ಅವನ ಒಪ್ಪಿಗೆಗೂ ಕಾಯಬಾರದು. ಹಿರಿಯರಿಗೆ, ಡಾಕ್ಟರಿಗೆ ಅಂದೇ ತಿಳಿಸಬೇಕು. ಅವನು ನಮ್ಮ ಮೇಲೆ ಸಿಟ್ಟಾಗಬಹುದು, ಕೆಲವು ದಿನ ಮಾತು ಬಿಡಬಹುದು. ಆ ಬೆಲೆಯನ್ನು ಸ್ನೇಹವೇ ತೆರಬೇಕು.

ಯೋನಾತಾನನೂ ಬೆಲೆ ತೆತ್ತವನೇ. ಸಿಂಹಾಸನ ಅವನಿಗೆ ಬರಬೇಕಾಗಿತ್ತು. ಆದರೂ ದಾವೀದನ ಪರವಾಗಿ ತಂದೆ ಸೌಲನ ಎದುರು ಮಾತಾಡಿದ. ದಾವೀದ ಜೀವಭಯದಿಂದ ಕಾಡಿನಲ್ಲಿ ಅಡಗಿದ್ದಾಗ ಹುಡುಕಿಕೊಂಡು ಹೋಗಿ, ದೇವರಲ್ಲಿ ಅವನನ್ನು ಬಲಪಡಿಸಿದ (1 ಸಮುವೇಲ 23). ತನ್ನನ್ನು ನಂಬು ಎನ್ನಲಿಲ್ಲ, ದೇವರ ಕಡೆಗೆ ಅವನ ಕಣ್ಣು ತಿರುಗಿಸಿದ.

ತಂದೆತಾಯಂದಿರಲ್ಲೂ ಒಂದು ವಿನಂತಿ. ಮಕ್ಕಳ ಗೆಳೆಯರು ಕೆಟ್ಟ ಸುದ್ದಿ ಹಿಡಿದು ಬಾಗಿಲಿಗೆ ಬಂದರೆ ಅವರನ್ನು ಬೈಯಬೇಡಿ. ಅವರೇ ಹಾಸಿಗೆ ಹೊತ್ತು ತಂದವರು.

ಈ ವಾರ ನಿಮ್ಮ ಗೆಳೆಯರ ಬಳಗದಲ್ಲಿ ನಗು ಕಡಿಮೆಯಾದವರು ಯಾರು ಎಂದು ನೋಡಿ. ಅವರ ಹಾಸಿಗೆಯ ಒಂದು ಮೂಲೆ ಹಿಡಿಯೋಣ. ಕರ್ತನು ನಮಗೆ ಬಲ ಕೊಡಲಿ.